ಬಿಲ್ಲಿನಲ್ಲಿ 34 ಸಾವಿರ ಲೀಟರ್, ತೋಟಕ್ಕೆ 20 ಸಾವಿರ: ಉಳಿದ ನೀರು ಎಲ್ಲಿ ಹೋಯಿತು?

ಬದಿಯಡ್ಕ ಸಮೀಪದ ಓದುಗರೊಬ್ಬರು ಬರೆದ ಪತ್ರ ಹೀಗಿದೆ:

"ನಮ್ಮದು 1,600 ಅಡಿಕೆ ಮರಗಳ ತೋಟ. ಗುಡ್ಡದ ಸುರಂಗದಿಂದ ಬರುವ ನೀರನ್ನು ಹಿಡಿದಿಡಲು ಕಳೆದ ವರ್ಷ ಕೆಂಪುಕಲ್ಲಿನ ಟ್ಯಾಂಕಿ ಕಟ್ಟಿಸಿದೆವು. ಎಂಟು ಕೋಲು ಉದ್ದ, ನಾಲ್ಕು ಕೋಲು ಅಗಲ ಇರಲಿ ಎಂದು ಮಾವನವರು ಹೇಳಿದ್ದರು. ಗುತ್ತಿಗೆದಾರರ ಬಿಲ್ಲಿನಲ್ಲಿ 20 ಅಡಿ, 10 ಅಡಿ, 6 ಅಡಿ, 34 ಸಾವಿರ ಲೀಟರ್ ಎಂದು ಬರೆದಿದೆ. ಮರವೊಂದಕ್ಕೆ 20 ಲೀಟರಿನಂತೆ 32 ಸಾವಿರ ಲೀಟರ್ ಸಾಕು ಎಂಬುದು ನಮ್ಮ ಲೆಕ್ಕ. ತೋಟಕ್ಕೆ ಎಂಟು ವಾಲ್ವುಗಳಿವೆ, ಒಂದೊಂದಕ್ಕೆ 200 ಮರ. ಬೆಳಿಗ್ಗೆ ಆರಕ್ಕೆ ನೀರು ಬಿಟ್ಟರೆ ಐದು ವಾಲ್ವು ಮುಗಿದು ಆರನೆಯದನ್ನು ತಿರುಗಿಸುವಾಗ, ಅಂದರೆ ಎಂಟು ಗಂಟೆಗೆ, ಟ್ಯಾಂಕಿ ಖಾಲಿ. ನೀರು ಬಿಡುವ ಆ ಎರಡು ಗಂಟೆ ಸುರಂಗದ ನೀರನ್ನು ಮನೆಗೆ ತಿರುಗಿಸುತ್ತೇವೆ. ಮರುದಿನ ಆರಕ್ಕೆ ಟ್ಯಾಂಕಿ ಮತ್ತೆ ತುಂಬಿರುತ್ತದೆ. ಸುರಂಗದ ನೀರಿಗೆ 10 ಲೀಟರಿನ ಬಕೆಟ್ ಇಟ್ಟರೆ 40 ಸೆಕೆಂಡಿನಲ್ಲಿ ತುಂಬುತ್ತದೆ. ಟ್ಯಾಂಕಿ ಸೋರುತ್ತಿದೆ ಎಂದು ಒಬ್ಬರು, ಕೆಂಪುಕಲ್ಲು ನೀರು ಕುಡಿಯುತ್ತದೆ ಎಂದು ಇನ್ನೊಬ್ಬರು, ಮೂಲೆ ಮಟ್ಟ ಇಲ್ಲ ಎಂದು ಮತ್ತೊಬ್ಬರು ಹೇಳುತ್ತಾರೆ. ಹೈಸ್ಕೂಲಿಗೆ ಹೋಗುವ ಮಗಳು ಟ್ಯಾಂಕಿಯ ಒಳಗೆ ಇಳಿದು ಅಳೆದು 24 ಸಾವಿರ ಲೀಟರ್ ಎಂದಳು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೋಡೆಯನ್ನು ನಾಲ್ಕು ಸಾಲು ಕಲ್ಲು ಎತ್ತರಿಸಿದರೆ ಸರಿಹೋಗುತ್ತದೆ ಎಂದು ಮೇಸ್ತ್ರಿ ಹೇಳುತ್ತಿದ್ದಾರೆ. ಏನು ಮಾಡಲಿ?"

ಮೊದಲು ನಿಮ್ಮ ಮಗಳ ಮಾತು. ಈ ಪತ್ರದಲ್ಲಿ ಬಂದಿರುವ ಎಲ್ಲರಿಗಿಂತ ಸತ್ಯಕ್ಕೆ ಹತ್ತಿರ ಹೋದವಳು ಅವಳೇ. ಟ್ಯಾಂಕಿಯೊಳಗೆ ಇಳಿದು ಟೇಪು ಹಿಡಿದವಳು ಅವಳೊಬ್ಬಳು. ನಿಮ್ಮಿಂದ ಫೋನಿನಲ್ಲಿ ತರಿಸಿಕೊಂಡ ಒಳ ಅಳತೆಗಳೆಲ್ಲ ಅವಳು ತೆಗೆದವೇ. ಉದ್ದ 559 ಸೆಂಟಿಮೀಟರ್, ಅಗಲ 254, ತಳದಿಂದ ಗೋಡೆಯ ಮೇಲಂಚಿನವರೆಗೆ 170. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 24,138 ಲೀಟರ್. ಆಯತಘನದ ಘನಫಲವನ್ನು ಪಾಠದಲ್ಲಿ ಹೇಳಿಕೊಡುವುದು ಹೀಗೆಯೇ, ಅವಳ ಗುಣಾಕಾರದಲ್ಲಿ ಒಂದಂಕಿಯೂ ತಪ್ಪಿಲ್ಲ. ಇನ್ನೂ ಎರಡು ಪೈಪುಗಳನ್ನು ಅವಳು ಗಮನಿಸಬೇಕಿತ್ತು, ಅಷ್ಟೇ.

ಒಂದು, ಓವರ್‌ಫ್ಲೋ ಪೈಪು. ಅದು ಗೋಡೆಯ ಮೇಲಂಚಿನಿಂದ 18 ಸೆಂಟಿಮೀಟರ್ ಕೆಳಗಿದೆ. ನೀರು ಅಲ್ಲಿಗೆ ಬಂದರೆ ಹೊರಗೆ ಹರಿಯುತ್ತದೆ. ಆದ್ದರಿಂದ ಅದರ ಮೇಲಿನ ಭಾಗ ನೀರಿನದಲ್ಲ, ಗಾಳಿಯದು. ಇನ್ನೊಂದು, ತೋಟಕ್ಕೆ ನೀರು ಹೋಗುವ ಪೈಪು. ಕೆಸರು ಎಳೆಯಬಾರದೆಂದು ಅದನ್ನು ತಳದಿಂದ 10 ಸೆಂಟಿಮೀಟರ್ ಮೇಲೆ ಇಟ್ಟಿದ್ದಾರೆ. ಇಟ್ಟದ್ದು ಸರಿಯೇ. ಆದರೆ ಅದರ ಕೆಳಗಿನ ನೀರು ಮರಕ್ಕೆ ಹೋಗುವುದಿಲ್ಲ. 170ರಲ್ಲಿ 18 ಮತ್ತು 10 ಕಳೆದರೆ ಉಳಿಯುವುದು 142. ಈಗ 559 × 254 × 142 ಮಾಡಿ. 20,162 ಲೀಟರ್.

ಮರವೊಂದಕ್ಕೆ 20 ಲೀಟರ್ ಎಂದರೆ 1,008 ಮರಗಳಿಗೆ ಆಯಿತು. ಐದು ವಾಲ್ವು ಮುಗಿದು ಆರನೆಯದನ್ನು ತಿರುಗಿಸುವಾಗ ನೀರು ನಿಲ್ಲಲೇಬೇಕು, ನಿಂತಿದೆ. ನಿಮ್ಮ ಹನಿ ನೀರಾವರಿ ಸರಿಯಾಗಿದೆ, ಟ್ಯಾಂಕಿಯೂ ಸರಿಯಾಗಿದೆ.

ಇನ್ನೊಂದು ಸಾಕ್ಷಿ ನಿಮ್ಮ ಪತ್ರದಲ್ಲಿಯೇ ಇತ್ತು. ಅದನ್ನು ಓದಿದ ಕೂಡಲೇ ನನಗೆ ಸೋರಿಕೆಯ ಸಂಶಯ ಹೋಗಿಬಿಟ್ಟಿತು. 40 ಸೆಕೆಂಡಿಗೆ 10 ಲೀಟರ್ ಎಂದರೆ ನಿಮಿಷಕ್ಕೆ 15, ಗಂಟೆಗೆ 900 ಲೀಟರ್. ಎಂಟಕ್ಕೆ ಖಾಲಿಯಾದ ಟ್ಯಾಂಕಿ ಮರುದಿನ ಆರಕ್ಕೆ ತುಂಬುತ್ತದೆ ಎಂದರೆ 22 ಗಂಟೆ. ಅಷ್ಟರಲ್ಲಿ ಸುರಂಗ ಕೊಡುವುದು 19,800 ಲೀಟರ್. ಬಕೆಟ್ ತುಂಬುವ ಸಮಯದಲ್ಲಿ ಒಂದು ಸೆಕೆಂಡು ಹೆಚ್ಚುಕಡಿಮೆ ಆಗುವುದು ಸಹಜ. ಹಾಗಾಗಿ ಇದು ಟೇಪಿನ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. 34 ಸಾವಿರ ಲೀಟರಿನ ಟ್ಯಾಂಕಿಯಾಗಿದ್ದರೆ ಅದೇ ನೀರಿಗೆ ತುಂಬಲು 38 ಗಂಟೆ ಬೇಕಾಗುತ್ತಿತ್ತು. ಸೋರುವ ಟ್ಯಾಂಕಿಯಾಗಿದ್ದರೆ ಇನ್ನೂ ಹೆಚ್ಚು.

ಹಾಗಾದರೆ ಬಿಲ್ಲಿನಲ್ಲಿ 34 ಸಾವಿರ ಬಂದದ್ದು ಹೇಗೆ? 20 × 10 × 6 ಎಂದರೆ 1,200 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಗುಣಿಸಿದರೆ 34 ಸಾವಿರದ ಹತ್ತಿರ. ಗುಣಾಕಾರ ಇಲ್ಲಿಯೂ ಸರಿ. ಆದರೆ ಅವು ಗೋಡೆಯ ಹೊರಗಿನ ಅಳತೆಗಳು. ಗುತ್ತಿಗೆದಾರರು ಮೋಸ ಮಾಡಿದ್ದಾರೆಂದು ನಾನು ಹೇಳುವುದಿಲ್ಲ. ನೆಲದ ಮೇಲೆ ದಾರ ಕಟ್ಟಿ ಗುರುತು ಹಾಕುವಾಗ ಹೊರ ಅಳತೆಯನ್ನೇ ಹಿಡಿಯುವುದು ಕಟ್ಟಡದ ಕೆಲಸದಲ್ಲಿ ರೂಢಿ. ತಪ್ಪಾದದ್ದು ಅದೇ ಅಳತೆಯ ಮುಂದೆ 'ಲೀಟರ್' ಎಂದು ಬರೆದಾಗ. ಈ ಮೂವತ್ತು ವರ್ಷಗಳಲ್ಲಿ ಪೆರ್ಲ, ಮುಳ್ಳೇರಿಯ, ನೀರ್ಚಾಲು ಕಡೆಗಳಲ್ಲಿ ನಾನು ಅಳೆದ ತೋಟದ ಟ್ಯಾಂಕಿಗಳಲ್ಲಿ ಈ ತಪ್ಪನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಗೋಡೆ ಸಾರಣೆ ಸೇರಿ ಬರೀ ಹತ್ತು ಇಂಚು ದಪ್ಪ, ಅದರಿಂದ ಇಷ್ಟು ನೀರು ಹೋಗುತ್ತದೆಯೇ ಎಂದು ನಿಮಗೆ ಅನ್ನಿಸಬಹುದು. ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಎರಡೂ ಬದಿಯ ಗೋಡೆ ಸೇರಿ ಉದ್ದದಲ್ಲಿ ನೂರಕ್ಕೆ 8 ಭಾಗ ಹೋಯಿತು. ಅದೇ ದಪ್ಪದ ಗೋಡೆ ಅಗಲದಲ್ಲಿ ನೂರಕ್ಕೆ 17 ಭಾಗ ತಿಂದಿತು, ಏಕೆಂದರೆ ಅಗಲ ಮೊದಲೇ ಚಿಕ್ಕದು. ಎತ್ತರದಲ್ಲಿ ತಳದ ಕಾಂಕ್ರೀಟು 13 ಸೆಂಟಿಮೀಟರ್, ಮೇಲೆ 18, ಕೆಳಗೆ 10 ಎಂದು ಒಟ್ಟು ನೂರಕ್ಕೆ 22 ಭಾಗ ಹೋಯಿತು. ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡದಲ್ಲ. ಆದರೆ ಘನಫಲದಲ್ಲಿ ಮೂರೂ ಒಂದನ್ನೊಂದು ಗುಣಿಸುತ್ತವೆ. ನೂರರಲ್ಲಿ 92 ಉಳಿಯಿತು, ಆ 92ರಲ್ಲಿ ನೂರಕ್ಕೆ 83, ಅದರಲ್ಲಿ ಮತ್ತೆ ನೂರಕ್ಕೆ 78. ಕೊನೆಗೆ ಉಳಿದದ್ದು 59. ಕಣ್ಣಿಗೆ ಕಾಣದಂತೆ ನೂರಕ್ಕೆ 41 ಭಾಗ ನೀರು ಕಾಗದದ ಮೇಲೆಯೇ ಇಂಗಿಹೋಯಿತು.

ಮಾವನವರ ಕೋಲಿನ ಲೆಕ್ಕದಲ್ಲಿಯೂ ಇದೇ ಗುಟ್ಟು ಇದೆ. ನಮ್ಮಲ್ಲಿ ಬಾವಿ, ಸುರಂಗಗಳನ್ನು ಇಂದಿಗೂ ಕೋಲಿನಲ್ಲಿಯೇ ಅಳೆಯುತ್ತಾರೆ. ಒಂದು ಕೋಲು ಎಂದರೆ 72 ಸೆಂಟಿಮೀಟರ್. ಬಾಯಿಲೆಕ್ಕದ ಸುಲಭಕ್ಕೆ ಕೆಲವರು ಎರಡೂವರೆ ಅಡಿ ಎಂದು ಹಿಡಿಯುತ್ತಾರೆ, ಅದು 76 ಸೆಂಟಿಮೀಟರ್ ಚಿಲ್ಲರೆ. ನಿಮ್ಮ ಗುತ್ತಿಗೆದಾರರು ಎಂಟು ಕೋಲನ್ನು 20 ಅಡಿ ಮಾಡಿದ್ದು ಹೀಗೆ. ಸುರಂಗದ ಉದ್ದ ಹೇಳುವಾಗ ಈ ನಾಲ್ಕು ಸೆಂಟಿಮೀಟರಿನಿಂದ ಯಾರಿಗೂ ತೊಂದರೆ ಇಲ್ಲ. ಆದರೆ ಎಲ್ಲ ಕಡೆಯೂ ಒಂದೊಂದು ಕೋಲು ಇರುವ ಪೆಟ್ಟಿಗೆಯಲ್ಲಿ 72ರ ಕೋಲಾದರೆ 373 ಲೀಟರ್ ಹಿಡಿಯುತ್ತದೆ, ಎರಡೂವರೆ ಅಡಿಯ ಕೋಲಾದರೆ 442 ಲೀಟರ್. ಉದ್ದದಲ್ಲಿ ನಾಲ್ಕು ಬೆರಳಿಗಿಂತ ಕಡಿಮೆ ವ್ಯತ್ಯಾಸ, ನೀರಿನಲ್ಲಿ ಆರೇಳು ಕೊಡ.

ಅಡಿ ಮತ್ತು ಇಂಚಿನಲ್ಲಿ ಅಳೆಯುವವರಿಗೆ ಇನ್ನೊಂದು ಎಚ್ಚರಿಕೆ. 5 ಅಡಿ 10 ಇಂಚನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 5.10 ಎಂದು ಒತ್ತುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಅದು 5.83. ಸೆಂಟಿಮೀಟರಿನಲ್ಲಿ ಅಳೆದರೆ ಈ ಗೊಂದಲವೇ ಇಲ್ಲ. ಮೂರನ್ನೂ ಗುಣಿಸಿ, ಸಾವಿರದಿಂದ ಭಾಗಿಸಿ, ಲೀಟರ್ ಬಂತು.

ಇನ್ನು ಊರವರ ಮಾತುಗಳು. ಕೆಂಪುಕಲ್ಲು ನೀರು ಹೀರುತ್ತದೆ ಎಂಬುದು ನಿಜ, ಅದರಲ್ಲಿ ರಂಧ್ರಗಳಿವೆ. ಆದರೆ ನಿಮ್ಮ ನಾಲ್ಕೂ ಗೋಡೆಗಳ ಒಟ್ಟು ಘನಫಲವನ್ನು ಲೆಕ್ಕ ಹಾಕಿ ನೋಡಿದೆ. ಸುಮಾರು 7.4 ಘನ ಮೀಟರ್, ಅಂದರೆ 7,400 ಲೀಟರ್. ಕಲ್ಲನ್ನೆಲ್ಲ ತೆಗೆದು ಗೋಡೆಯ ಜಾಗದಲ್ಲಿ ಬರೀ ನೀರನ್ನೇ ನಿಲ್ಲಿಸಿದರೂ ಕಳೆದುಹೋದ 14 ಸಾವಿರದ ಅರ್ಧದಷ್ಟೇ ಆಗುತ್ತದೆ. ಅಲ್ಲದೆ ಕಲ್ಲು ಒಮ್ಮೆ ತೋಯ್ದ ಮೇಲೆ ದಿನವೂ ಹೊಸದಾಗಿ ಕುಡಿಯುವುದಿಲ್ಲ.

ಮೂಲೆ ಮಟ್ಟದ, ಅಂದರೆ ಮೂಲೆಗಳು ಸರಿಯಾದ ಲಂಬಕೋನದಲ್ಲಿವೆಯೇ ಎಂಬ ಮಾತೂ ಇಲ್ಲಿ ದೊಡ್ಡದಲ್ಲ. ಒಂದು ಮೂಲೆಯಿಂದ ಎದುರಿನ ಮೂಲೆಗೆ ಎರಡು ಕಡೆಯಿಂದಲೂ ಟೇಪು ಹಿಡಿಯಿರಿ. ಮೂಲೆಗಳು ಮಟ್ಟವಾಗಿದ್ದರೆ ಎರಡೂ 614 ಸೆಂಟಿಮೀಟರ್ ಬರಬೇಕು. ಎರಡರ ನಡುವೆ 20 ಸೆಂಟಿಮೀಟರ್ ವ್ಯತ್ಯಾಸ ಬಂದರೂ, ಅದು ಕಣ್ಣಿಗೆ ಕಾಣುವಷ್ಟು ಸೊಟ್ಟ, ನೀವು ಕಳೆದುಕೊಳ್ಳುವುದು ಸುಮಾರು 20 ಲೀಟರ್ ಮಾತ್ರ. ಆದರೆ ಆಳದಲ್ಲಿ ಒಂದೇ ಒಂದು ಸೆಂಟಿಮೀಟರ್ ತಪ್ಪಿದರೆ 142 ಲೀಟರ್ ವ್ಯತ್ಯಾಸ. ಆದ್ದರಿಂದ ಆಳವನ್ನು ನಾಲ್ಕು ಮೂಲೆಗಳಲ್ಲಿ ಮತ್ತು ನಡುವಿನಲ್ಲಿ ಅಳೆದು ಸರಾಸರಿ ಹಿಡಿಯಿರಿ, ತಳಕ್ಕೆ ಇಳಿಜಾರು ಕೊಟ್ಟಿರುತ್ತಾರೆ.

ಸೋರಿಕೆಯ ಬಗ್ಗೆ ಮನಸ್ಸಿಗೆ ಇನ್ನೂ ಸಮಾಧಾನ ಆಗದಿದ್ದರೆ ಒಂದು ರಾತ್ರಿಯ ಪರೀಕ್ಷೆ ಸಾಕು. ಸುರಂಗದ ನೀರನ್ನು ಬೇರೆ ಕಡೆ ತಿರುಗಿಸಿ, ವಾಲ್ವುಗಳನ್ನು ಮುಚ್ಚಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಟ್ಯಾಂಕಿಯ ಗೋಡೆಯ ಮೇಲೆ ಒಂದು ಬಕೆಟಿನಲ್ಲಿಯೂ ನೀರಿಟ್ಟು ಗೆರೆ ಹಾಕಿ. ಬೆಳಿಗ್ಗೆ ಎರಡರಲ್ಲಿಯೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಅದು ಆವಿಯಾದದ್ದು. ಬಕೆಟಿಗಿಂತ ಟ್ಯಾಂಕಿಯಲ್ಲಿ ಹೆಚ್ಚು ಇಳಿದಿದ್ದರೆ ಆ ಹೆಚ್ಚಿನ ಪ್ರತಿ ಸೆಂಟಿಮೀಟರಿಗೂ 142 ಲೀಟರ್ ಸೋರಿಕೆ ಎಂದು ತಿಳಿಯಿರಿ. ಏಪ್ರಿಲ್ ಬಿಸಿಲಿನಲ್ಲಿಯೂ ದಿನಕ್ಕೆ ಆವಿಯಾಗುವುದು ಅರ್ಧ ಸೆಂಟಿಮೀಟರಿನ ಆಸುಪಾಸು. 14 ಸಾವಿರ ಲೀಟರ್ ಹೋಗಬೇಕಾದರೆ ಒಂದು ಮೀಟರಿನಷ್ಟು ಇಳಿಯಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗೋಡೆಯನ್ನು ನಾಲ್ಕು ಸಾಲು ಎತ್ತರಿಸಬೇಡಿ. ದಯವಿಟ್ಟು ಬೇಡ.

ಲೆಕ್ಕಕ್ಕೆ ಮೇಸ್ತ್ರಿ ಹೇಳಿದ್ದು ಸರಿ. 32 ಸಾವಿರ ಲೀಟರಿಗೆ ಇನ್ನೂ 83 ಸೆಂಟಿಮೀಟರ್ ಆಳ ಬೇಕು, ನಾಲ್ಕು ಸಾಲು ಕಲ್ಲಿಗೆ ಅಷ್ಟಾಗುತ್ತದೆ. ಆದರೆ ನೀರು ಗೋಡೆಯನ್ನು ಹೊರಗೆ ತಳ್ಳುವ ಬಲ ಆಳದೊಂದಿಗೆ ನೇರವಾಗಿ ಏರುವುದಿಲ್ಲ, ಆಳದ ವರ್ಗದಂತೆ ಏರುತ್ತದೆ. ಈಗ ಓವರ್‌ಫ್ಲೋವರೆಗೆ ತುಂಬಿದಾಗ ನೀರು 152 ಸೆಂಟಿಮೀಟರ್ ನಿಲ್ಲುತ್ತದೆ. ಗೋಡೆಯ ಪ್ರತಿ ಮೀಟರ್ ಉದ್ದಕ್ಕೂ ಸುಮಾರು 1.15 ಟನ್ ಬಲ ಬೀಳುತ್ತಿದೆ. 235 ಸೆಂಟಿಮೀಟರ್ ನಿಲ್ಲಿಸಿದರೆ ಅದು ಸುಮಾರು 2.76 ಟನ್. ನೀರು ಒಂದೂವರೆ ಪಟ್ಟು ಆಗುವಾಗ ತಳ್ಳುವ ಬಲ ಎರಡೂಕಾಲು ಪಟ್ಟನ್ನೂ ದಾಟುತ್ತದೆ. ನಿಮ್ಮ ಉದ್ದದ ಒಂದು ಗೋಡೆಯ ಮೇಲೆಯೇ ಒಟ್ಟು 15 ಟನ್ ಮಿಕ್ಕಿ. ಹತ್ತು ಇಂಚಿನ ಕೆಂಪುಕಲ್ಲಿನ ಗೋಡೆ, ಒಳಗೆ ಕಬ್ಬಿಣವಿಲ್ಲದೆ, ಇದನ್ನು ತಡೆಯುವುದಿಲ್ಲ.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ಹೀಗೆಯೇ ಮೂರು ಸಾಲು ಎತ್ತರಿಸಿದ ಟ್ಯಾಂಕಿಯೊಂದನ್ನು ನೋಡಲು ಕರೆದಿದ್ದರು. ತುಂಬಿಸಿದ ಮೊದಲ ರಾತ್ರಿಯೇ ಉದ್ದದ ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟಿತ್ತು. ನಾನು ಹೋದಾಗ ಹಳೆಯ ಗೋಡೆಗೂ ಹೊಸ ಕಲ್ಲಿಗೂ ನಡುವಿನ ಸಂದಿನಲ್ಲಿ ಬೆರಳು ತೂರುವಷ್ಟು ಬಿರುಕು. ಅದರಿಂದ ಕೆಮ್ಮಣ್ಣಿನ ಬಣ್ಣದ ನೀರು ಸಾರಣೆಯ ಮೇಲೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಅಂಗೈ ಇಟ್ಟರೆ ಗೋಡೆ ತಣ್ಣಗೆ ಬೆವರಿದಂತಿತ್ತು. ಕೆಳಗಿನ ವಾಲ್ವು ತೆರೆದು ಎಲ್ಲರನ್ನೂ ದೂರ ಸರಿಸಿದೆವು. ನೀರು ಅರ್ಧಕ್ಕೆ ಇಳಿಯುವ ಮೊದಲೇ ಗೋಡೆ ಮಲಗಿತು. ಕೆಳಗಿನ ಕಟ್ಟೆಯಲ್ಲಿದ್ದ ಅಡಿಕೆ ಸಸಿಗಳು ಮಣ್ಣಿನೊಂದಿಗೆ ಕೊಚ್ಚಿಹೋದವು. ಆ ಕಟ್ಟೆಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಎತ್ತರಿಸದೆ ಪಕ್ಕದಲ್ಲಿ ಇನ್ನೊಂದು ಟ್ಯಾಂಕಿ ಕಟ್ಟಿ ಪೈಪಿನಿಂದ ಜೋಡಿಸಬಹುದು. ಒಳ ಅಳತೆ 340 ಸೆಂಟಿಮೀಟರ್ ಉದ್ದ, 250 ಅಗಲ, ಬಳಕೆಯ ಆಳ ಅದೇ 142 ಇಟ್ಟರೆ 12,070 ಲೀಟರ್ ಸಿಗುತ್ತದೆ. ಜೋಡಿಸಿದ ಟ್ಯಾಂಕಿಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಎರಡರ ತಳವೂ ಓವರ್‌ಫ್ಲೋ ಕೂಡ ಸಮನಾಗಿರಬೇಕು. ಹೊಸದನ್ನು ಒಂದು ಅಡಿ ಎತ್ತರದ ಜಾಗದಲ್ಲಿ ಕಟ್ಟಿದರೆ ಅದರ ಮೇಲಿನ ಒಂದು ಅಡಿ ಎಂದಿಗೂ ತುಂಬುವುದಿಲ್ಲ. ನೆಲದೊಳಗೆ ತೋಡಿ ಕಟ್ಟುವ ಆಲೋಚನೆ ಇದ್ದರೆ, ನೀರು ತಾನಾಗಿ ತೋಟಕ್ಕೆ ಇಳಿಯುವ ಅನುಕೂಲ ತಪ್ಪಿ ಪಂಪು ಬೇಕಾಗುತ್ತದೆ. ಜೊತೆಗೆ ನಮ್ಮ ಜೂನ್-ಜುಲೈ ಮಳೆಯಲ್ಲಿ ಸುತ್ತಲಿನ ಮಣ್ಣು ನೀರು ತುಂಬಿಕೊಂಡಾಗ ಖಾಲಿ ಟ್ಯಾಂಕಿಯನ್ನು ಕೆಳಗಿನಿಂದ ಎತ್ತುವ ಅಪಾಯವೂ ಇದೆ.

ಆದರೆ ಎರಡನೆಯ ಟ್ಯಾಂಕಿಗೂ ಈಗ ಹಣ ಹಾಕಬೇಡಿ ಎಂಬುದೇ ನನ್ನ ಅಭಿಪ್ರಾಯ. ನಿಮ್ಮ ಸುರಂಗ ದಿನದ 24 ಗಂಟೆಗೂ ಕೊಡುವುದು 21,600 ಲೀಟರ್. ಟ್ಯಾಂಕಿ ನೀರನ್ನು ಕೂಡಿಡುತ್ತದೆ, ಹುಟ್ಟಿಸುವುದಿಲ್ಲ. 32 ಸಾವಿರದ ಟ್ಯಾಂಕಿ ಕಟ್ಟಿದರೂ ಅದು ತುಂಬಲು 36 ಗಂಟೆ ಬೇಕು, ಆದ್ದರಿಂದ ದಿನವೂ ಎಲ್ಲ ಮರಗಳಿಗೂ 20 ಲೀಟರ್ ಕೊಡುವುದು ಆಗುವುದಿಲ್ಲ. ಮೇ ತಿಂಗಳಿಗೆ ಸುರಂಗದ ನೀರು ಇನ್ನೂ ಸಣ್ಣಗಾಗುತ್ತದೆ. ಬಕೆಟ್ ಪರೀಕ್ಷೆಯನ್ನು ಜನವರಿಯಿಂದ ವಾರಕ್ಕೊಮ್ಮೆ ಮಾಡಿ ಕ್ಯಾಲೆಂಡರಿನಲ್ಲಿ ಬರೆದಿಡಿ, ಟ್ಯಾಂಕಿಯ ನಿರ್ಧಾರ ಆಮೇಲೆ.

ಈಗಿರುವ ಟ್ಯಾಂಕಿಯಲ್ಲಿಯೇ ಎರಡು ದಾರಿಗಳಿವೆ. ಇಂದು ನಾಲ್ಕು ವಾಲ್ವು, ನಾಳೆ ಉಳಿದ ನಾಲ್ಕು. ದಿನಕ್ಕೆ 16 ಸಾವಿರ ಲೀಟರ್ ಸಾಕು, ಟ್ಯಾಂಕಿಯಲ್ಲಿ ಸ್ವಲ್ಪ ಉಳಿಯುತ್ತದೆ ಕೂಡ. ಅಥವಾ ದಿನವೂ ಎಲ್ಲ ಮರಗಳಿಗೂ 12 ಲೀಟರ್, ಒಟ್ಟು 19,200. ಮೊದಲನೆಯದರಲ್ಲಿ ಮರಕ್ಕೆ ಸರಾಸರಿ ದಿನಕ್ಕೆ ಹತ್ತೇ ಲೀಟರ್ ಆಯಿತು. ಎರಡನೆಯದರಲ್ಲಿ ಸ್ವಲ್ಪ ಹೆಚ್ಚು, ಆದರೆ ಕೈಯಲ್ಲಿ ಉಳಿತಾಯ ಇಲ್ಲ, ಒಂದು ದಿನ ಪೈಪು ಕಟ್ಟಿದರೂ ಲೆಕ್ಕ ತಪ್ಪುತ್ತದೆ. ನಿಮ್ಮ ಮಣ್ಣಿಗೆ ಮತ್ತು ಮರಗಳ ಪ್ರಾಯಕ್ಕೆ ಯಾವುದು ಹೊಂದುತ್ತದೆ ಎಂಬುದು ನನ್ನ ವಿಷಯವಲ್ಲ. ಕೂಡ್ಲುವಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅಥವಾ ಅದರ ವಿಟ್ಲದ ಕೇಂದ್ರದಲ್ಲಿ ಕೇಳಿ. ಕೇಳುವಾಗ '34 ಸಾವಿರದ ಟ್ಯಾಂಕಿ' ಎನ್ನದೆ ಬಳಕೆಗೆ 20 ಸಾವಿರ, ಹರಿವು ಗಂಟೆಗೆ 900 ಎಂದು ಹೇಳಿ. ಆಗ ಮಾತ್ರ ಅವರ ಸಲಹೆ ನಿಮ್ಮ ತೋಟಕ್ಕೆ ಹೊಂದುತ್ತದೆ.

ಮದ್ದು ಬಿಡಲು ಸಿಮೆಂಟಿನ ಚಿಕ್ಕ ತೊಟ್ಟಿ ಇದ್ದರೆ ಅದನ್ನೂ ಒಳಗಿನಿಂದ ಅಳೆಯಿರಿ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. 90, 60, 40 ಸೆಂಟಿಮೀಟರಿನ ತೊಟ್ಟಿ ಹಿಡಿಯುವುದು 216 ಲೀಟರ್. ಕಣ್ಣಂದಾಜಿನಲ್ಲಿ 300 ಎಂದುಕೊಂಡು ಮೂರು ಕಿಲೋ ಹಾಕಿದರೆ ಪ್ರತಿ ಸಲವೂ ಮುಕ್ಕಾಲು ಕಿಲೋಗೂ ಮಿಕ್ಕಿ ಮೈಲುತುತ್ತು ದಂಡ. ಅಂದಾಜು ಇನ್ನೊಂದು ಕಡೆಗೆ ತಪ್ಪಿದರೆ ದ್ರಾವಣ ತೆಳುವಾಗಿ ಕೊಳೆರೋಗ ನಿಲ್ಲುವುದಿಲ್ಲ.

ಕೊನೆಗೆ ಮಗಳಿಗೆ ಒಂದು ಕೆಲಸ. ಟ್ಯಾಂಕಿ ಖಾಲಿ ಇರುವ ದಿನ ಒಳಗೋಡೆಯಲ್ಲಿ ಪೈಂಟಿನಿಂದ ಏಳು ಸೆಂಟಿಮೀಟರಿಗೆ ಒಂದರಂತೆ ಗೆರೆ ಎಳೆಯಲಿ. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಸಾವಿರ ಲೀಟರ್, ಐದಾರು ಲೀಟರ್ ಕಡಿಮೆ ಇರಬಹುದು. ನಾಲ್ಕು ಗೆರೆ ಇಳಿದರೆ ಒಂದು ವಾಲ್ವು ಮುಗಿಯಿತು ಎಂದು ದೂರದಿಂದಲೇ ತಿಳಿಯುತ್ತದೆ. ಸೊನ್ನೆಯ ಗೆರೆಯನ್ನು ಮಾತ್ರ ತಳದಲ್ಲಿ ಹಾಕುವುದು ಬೇಡ, ತೋಟಕ್ಕೆ ಹೋಗುವ ಪೈಪಿನ ಬಾಯಿಯ ಮಟ್ಟದಲ್ಲಿ ಹಾಕಲಿ.